ಮೊದಲು ಮಾತು, ಆಮೇಲೆ ಕೆಲಸ



ಕೂಲಿಯಾಳಿನ ಬೆವರು ಆರುವ ಮುನ್ನ ಅವನ ಕೂಲಿ ಕೊಟ್ಟುಬಿಡಬೇಕೆಂಬ ಪ್ರವಾದಿ(ಸ)ಯವರ ಆದೇಶವನ್ನು ನಾವು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಕೇಳುವಾಗ ನಮ್ಮ ಕಣ್ಣ ಮುಂದೆ ಬರುವವರು ಗಾರೆ ಕೆಲಸದವರು, ಮಂಡಿಯ ಹಮಾಲರು, ಮನೆಗೆಲಸಕ್ಕೆ ಬರುವ ಹೆಂಗಸರು. ಆದರೆ ಈಚಿನ ವರ್ಷಗಳಲ್ಲಿ ನಮಾಝ್ ಮುಗಿದ ಮೇಲೆ ಕೂಲಿಯ ವಿಷಯ ಕೇಳಲು ನಿಲ್ಲುವವರಲ್ಲಿ ಬೇರೆಯವರೂ ಇದ್ದಾರೆ. ಒಬ್ಬ ಮದುವೆಯ ವಿಡಿಯೊ ಎಡಿಟ್ ಮಾಡುತ್ತಾನೆ. ಒಬ್ಬ ಅಂಗಡಿಗಳ ಬೋರ್ಡು, ಲೋಗೋ ಬರೆದುಕೊಡುತ್ತಾನೆ. ಒಬ್ಬರ ಮಗಳು ಮನೆಯಲ್ಲೇ ಕುಳಿತು ಮೂರು ನಾಲ್ಕು ಅಂಗಡಿಗಳ ಲೆಕ್ಕ ನೋಡುತ್ತಾಳೆ. ಮತ್ತೊಬ್ಬರ ಸೊಸೆ ಮೆಹಂದಿ ಹಾಕುತ್ತಾಳೆ, ಕೇಕ್ ಮಾಡಿಕೊಡುತ್ತಾಳೆ. ಇವರಿಗೆ ತಿಂಗಳ ಸಂಬಳವಿಲ್ಲ, ಮೇಲೊಬ್ಬ ಯಜಮಾನನಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಕರಾರು. ಇದನ್ನೇ ಈಗ ಫ್ರೀಲ್ಯಾನ್ಸ್ ಎನ್ನುತ್ತಾರೆ.

ಇವರೆಲ್ಲರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಗ್ರಾಹಕರು ಬಂದಾಗ ಎಷ್ಟು ಕೇಳಬೇಕು? ಕೇಳಲು ನಾಚಿಕೆಯಾಗುತ್ತದೆ. ಕೇಳಿದರೆ ದುರಾಸೆ ಎಂದಾರು, ಕೇಳದಿದ್ದರೆ ದುಡಿದದ್ದು ಕೈಗೆ ಹತ್ತುವುದಿಲ್ಲ. ಚೌಕಾಸಿ ಮಾಡುವುದು ತವಕ್ಕುಲ್‌ಗೆ ವಿರುದ್ಧವೇ? ಈ ಪ್ರಶ್ನೆಗಳಿಗೆ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಕೊಡಲಾಗುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮದ್‌ಯನ್‌ನ ಕರಾರು

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಮೂಸಾ(ಅ)ರವರ ಪ್ರಸಂಗವಿದೆ. ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದಾಗ ಅವರ ಬಳಿ ಏನೂ ಇರಲಿಲ್ಲ. ನೀರಿನ ಬಳಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ನಿಂತಿದ್ದರು. ಮೂಸಾ(ಅ) ಅವರ ಕುರಿಗಳಿಗೆ ನೀರು ಕುಡಿಸಿ, ನೆರಳಿಗೆ ಹೋಗಿ ಕುಳಿತರು. ಏನೂ ಕೇಳಲಿಲ್ಲ. ಅದು ಸಹಾಯ.

ಮುಂದಿನದ್ದು ಬೇರೆ. ಆ ಹೆಣ್ಣುಮಕ್ಕಳ ತಂದೆ ಅವರನ್ನು ಕರೆಸಿದರು. ಗಟ್ಟಿಮುಟ್ಟಾದವನೂ ನಂಬಿಕಸ್ಥನೂ ಆದವನೇ ಕೆಲಸಕ್ಕೆ ಉತ್ತಮ, ಇವರನ್ನು ಇಟ್ಟುಕೊಳ್ಳಿ ಎಂದು ಒಬ್ಬ ಮಗಳು ಸೂಚಿಸಿದಳು. ತಂದೆ ಷರತ್ತು ಮುಂದಿಟ್ಟರು: ಇಬ್ಬರಲ್ಲಿ ಒಬ್ಬ ಮಗಳನ್ನು ಮದುವೆ ಮಾಡಿಕೊಡುತ್ತೇನೆ, ಪ್ರತಿಯಾಗಿ ಎಂಟು ವರ್ಷ ದುಡಿಯಬೇಕು, ಹತ್ತು ಪೂರ್ತಿ ಮಾಡಿದರೆ ಅದು ನಿಮ್ಮ ಇಷ್ಟ, ನಿಮ್ಮ ಮೇಲೆ ಭಾರ ಹೊರಿಸುವ ಉದ್ದೇಶ ನನಗಿಲ್ಲ. ಮೂಸಾ(ಅ) ಅದನ್ನು ಒಪ್ಪಿಕೊಂಡು ತಮ್ಮ ಕಡೆಯಿಂದ ಮತ್ತೆ ಸ್ಪಷ್ಟಪಡಿಸಿದರು: ಎರಡರಲ್ಲಿ ಯಾವ ಅವಧಿ ಮುಗಿಸಿದರೂ ಆಮೇಲೆ ನನ್ನ ಮೇಲೆ ಒತ್ತಾಯವಿರಬಾರದು. ಈ ಮಾತಿಗೆ ಅಲ್ಲಾಹನನ್ನು ಸಾಕ್ಷಿ ಮಾಡಿದರು.

ಮೂಸಾ(ಅ) ಆಗ ಊರಿಲ್ಲದವರು, ಮನೆಯಿಲ್ಲದವರು. ಎದುರಿಗಿದ್ದವರು ಆಶ್ರಯ ಕೊಟ್ಟ ಹಿರಿಯರು. ಆದರೂ ದೊಡ್ಡವರು ಹೇಳಿದ ಮೇಲೆ ಆಯಿತು ಎಂದು ತಲೆಯಾಡಿಸಿ ಬಿಡಲಿಲ್ಲ. ಅವಧಿ ಎಷ್ಟು, ಪ್ರತಿಫಲವೇನು, ಯಾವುದು ಕಡ್ಡಾಯ, ಯಾವುದು ಸ್ವಇಚ್ಛೆ ಎಂಬುದು ಇಬ್ಬರ ಬಾಯಿಂದಲೂ ಬಂತು. ಅಗತ್ಯದಲ್ಲಿರುವವನು ಷರತ್ತು ಮಾತಾಡುವುದು ಅಗೌರವವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ? ಮೂಸಾ(ಅ) ಕೊನೆಗೆ ಹೆಚ್ಚಿನ ಅವಧಿಯನ್ನೇ ಪೂರೈಸಿದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ಎಂಟು ಕರಾರು, ಮೇಲಿನ ಎರಡು ಇಹ್ಸಾನ್. ಕರಾರು ಸ್ಪಷ್ಟವಿದ್ದುದರಿಂದಲೇ ಆ ಇಹ್ಸಾನ್ ಎದ್ದು ಕಾಣುತ್ತದೆ. ಎಲ್ಲವೂ ಕಲಸಿಹೋದ ಕಡೆ ಕೊಟ್ಟವನಿಗೂ ಸಮಾಧಾನವಿಲ್ಲ, ಪಡೆದವನಿಗೂ ಉಪಕಾರದ ನೆನಪಿಲ್ಲ.

ಚೌಕಾಸಿ ಮಾಡುವುದು ತಪ್ಪಲ್ಲ

ಪ್ರವಾದಿ(ಸ)ಯವರು ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದನ್ನು ಸ್ವತಃ ಹೇಳಿದ್ದಾರೆ. ಖದೀಜಾ(ರ)ರವರ ಸರಕಿನೊಂದಿಗೆ ವ್ಯಾಪಾರಕ್ಕೆ ಹೋದವರು. ಕೊಳ್ಳುವವರಾಗಿ ಬೆಲೆಯನ್ನೂ ಮಾತಾಡಿದ್ದಾರೆ. ಸುವೈದ್ ಬಿನ್ ಕೈಸ್(ರ) ಹಜರ್ ಎಂಬಲ್ಲಿಂದ ಬಟ್ಟೆ ತಂದಿದ್ದಾಗ ಪ್ರವಾದಿ(ಸ)ಯವರು ಬಂದು ಒಂದು ಪೈಜಾಮಕ್ಕೆ ಬೆಲೆ ಮಾತಾಡಿ ಕೊಂಡರು. ಅಲ್ಲಿ ಕೂಲಿಗೆ ತೂಕ ಮಾಡುವವನೊಬ್ಬನಿದ್ದ. ತೂಗು, ತಕ್ಕಡಿ ಸ್ವಲ್ಪ ಹೆಚ್ಚಿಗೇ ಬಾಗಲಿ ಎಂದು ಅವನಿಗೆ ಹೇಳಿದರು. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ.

ಬೆಲೆ ಮಾತಾಡುವಾಗ ಮಾತಾಡಿದರು, ಕೊಡುವಾಗ ಕೈ ಬಿಚ್ಚಿ ಕೊಟ್ಟರು. ನಮ್ಮಲ್ಲಿ ಹಲವರು ಇದನ್ನು ತಿರುಗಿಸಿಬಿಟ್ಟಿದ್ದೇವೆ. ಮಾತಾಡುವಾಗ ದೊಡ್ಡ ಮನಸ್ಸು: "ಅದೆಲ್ಲ ಆಮೇಲೆ ನೋಡೋಣ ಭಾಯಿ, ನಿಮಗೇನು ಕಡಿಮೆ ಮಾಡ್ತೀವಾ?" ಕೊಡುವಾಗ ಸಣ್ಣ ಕೈ: "ಇಷ್ಟಕ್ಕೆ ಇಷ್ಟೊಂದಾ?"

ಕೂಲಿ ಎಷ್ಟೆಂದು ತಿಳಿಸದೆ ಆಳನ್ನು ಕೆಲಸಕ್ಕೆ ಹಚ್ಚುವುದನ್ನು ಪ್ರವಾದಿ(ಸ)ಯವರು ತಡೆದಿದ್ದಾರೆಂದು ಅಬೂ ಸಈದ್(ರ)ರ ವರದಿಯಿದೆ. ಫಿಕ್‌ಹ್‌ನ ಉಲೇಮಾಗಳು ಇಜಾರಾದ ಅಧ್ಯಾಯದಲ್ಲಿ ಇದನ್ನೇ ನಿಯಮವಾಗಿ ಬರೆದರು. ಕೆಲಸವೇನೆಂದು ತಿಳಿದಿರಬೇಕು, ಕೂಲಿಯೆಷ್ಟೆಂದು ತಿಳಿದಿರಬೇಕು. "ಕೆಲಸ ನೋಡಿ ಖುಷಿಯಾದಷ್ಟು ಕೊಡ್ತೀನಿ" ಎನ್ನುವುದು ಕರಾರಲ್ಲ, ಜಗಳದ ಬೀಜ. ಇಂಥ ಕರಾರು ಕೆಟ್ಟುಹೋದದ್ದು, ಫಾಸಿದ್. ಹಾಗೆಂದು ದುಡಿದವನ ಶ್ರಮ ವ್ಯರ್ಥವಾಗುವುದಿಲ್ಲ. ಅಂಥ ಕೆಲಸಕ್ಕೆ ಆ ಊರಿನಲ್ಲಿ ವಾಡಿಕೆಯಲ್ಲಿ ಏನು ಸಿಗುತ್ತದೋ ಅದು ಅವನ ಹಕ್ಕು. ಇದಕ್ಕೆ ಉಜ್ರತೆ ಮಿಸ್ಲ್ ಎನ್ನುತ್ತಾರೆ. ಕ್ಷೌರದಂಗಡಿಯಲ್ಲಿ ಕುಳಿತಾಗ ನಾವು ದರ ಮಾತಾಡುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ದರ. ಆದರೆ ಒಂದು ಲೋಗೋಗೆ, ಒಂದು ಮದುವೆಯ ವಿಡಿಯೊಗೆ ಮೈಸೂರಿನಲ್ಲಿ ಇಷ್ಟೇ ಎಂಬ ವಾಡಿಕೆ ಇಲ್ಲ. ವಾಡಿಕೆ ಇಲ್ಲದ ಕಡೆ ಬಾಯಿಬಿಟ್ಟು ಹೇಳಲೇಬೇಕು.

ಮನೆ ಕೆಲಸದ ಹಳೆಯ ಪಾಠ

ಮನೆಯಲ್ಲೇ ಕುಳಿತು ಎಣಿಕೆಯ ಲೆಕ್ಕಕ್ಕೆ ದುಡಿಯುವುದು ಮೈಸೂರಿಗೆ ಹೊಸದಲ್ಲ. ನಮ್ಮ ತಾಯಂದಿರು, ಅಜ್ಜಿಯರು ಸಾವಿರ ಬೀಡಿಗೆ ಇಷ್ಟು, ಸಾವಿರ ಅಗರಬತ್ತಿಗೆ ಇಷ್ಟು ಎಂದು ದುಡಿದು ಮಕ್ಕಳನ್ನು ಓದಿಸಿದವರು. ಉದಯಗಿರಿ, ಗೌಸಿಯಾನಗರ, ರಾಜೀವನಗರದ ಕಡೆ ಕೇಳಿ ನೋಡಿ, ಮೊರದಲ್ಲಿ ಎಲೆ ತಂಬಾಕು ಇಟ್ಟುಕೊಂಡು ರಾತ್ರಿಯವರೆಗೆ ಬೀಡಿ ಕಟ್ಟಿದ ಕಥೆ ಹೇಳುವವರು ಸಿಗುತ್ತಾರೆ.

ಆ ಕೆಲಸದಲ್ಲಿ ದರ ಎಂಬುದು ಬರೀ ಒಂದು ಸಂಖ್ಯೆಯಾಗಿರಲಿಲ್ಲ. ಸಾವಿರಕ್ಕೆ ಇಷ್ಟು ಎಂದು ಗೊತ್ತಿರುತ್ತಿತ್ತು. ಆದರೆ ಎಷ್ಟು ಬೀಡಿ ಸರಿಯಿಲ್ಲವೆಂದು ಪಕ್ಕಕ್ಕೆ ಹಾಕುತ್ತಾರೆ, ಕೊಟ್ಟ ಎಲೆಯಲ್ಲಿ ಎಷ್ಟು ಹರಿದದ್ದು ಎಂಬುದರ ಮೇಲೆ ನಿಜವಾದ ಕೂಲಿ ನಿಂತಿತ್ತು. ಅದಕ್ಕೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಾಗ, ಕಚ್ಚಾ ಸಾಮಗ್ರಿ ಕೊಡುವುದು, ಬೀಡಿ ತಿರಸ್ಕರಿಸುವುದು, ತಿರಸ್ಕರಿಸಿದ ಬೀಡಿಯ ಕೂಲಿ ಇವುಗಳ ಬಗೆಗಿನ ವ್ಯಾಜ್ಯವನ್ನೂ ಅದರಲ್ಲಿ ಪ್ರತ್ಯೇಕವಾಗಿ ಸೇರಿಸಬೇಕಾಯಿತು. ಅಳತೆಯಲ್ಲಿ ವಂಚಿಸುವವರಿಗೆ ಕುರ್‌ಆನ್ ಅಲ್ ಮುತಫ್ಫಿಫೀನ್ ಅಧ್ಯಾಯದಲ್ಲಿ ಎಚ್ಚರಿಕೆ ಕೊಟ್ಟಿದೆ. ತಕ್ಕಡಿ ಎಂದರೆ ಬರೀ ಅಂಗಡಿಯ ತಕ್ಕಡಿಯಲ್ಲ.

ಇಂದಿನ ಯುವಕರಿಗೆ ಇದು ಬೇರೆ ರೂಪದಲ್ಲಿ ಬರುತ್ತದೆ. "ಡಿಸೈನ್ ಇಷ್ಟ ಆಗ್ಲಿಲ್ಲ, ಇನ್ನೊಂದು ಮಾಡು" ಎಂದು ಏಳು ಸಲ ಮಾಡಿಸಿ, ಕೊನೆಗೆ ಮೊದಲನೆಯದನ್ನೇ ತೆಗೆದುಕೊಳ್ಳುವವರಿದ್ದಾರೆ. ದರ 3,500 ಎಂದು ಒಪ್ಪಿದ್ದರೂ ಏಳು ಸಲ ಮಾಡಿದವನಿಗೆ ಸಿಕ್ಕಿದ್ದು ಒಂದು ಸಲಕ್ಕೆ 500 ಮಾತ್ರ. ಆದ್ದರಿಂದ ದರ ಹೇಳುವಾಗ ಎಷ್ಟು ಸಲ ತಿದ್ದಿಕೊಡುತ್ತೇನೆ, ಆಮೇಲಿನ ತಿದ್ದುಪಡಿಗೆ ಎಷ್ಟು ಎಂಬುದೂ ದರದ ಒಳಗೇ ಇರಬೇಕು. ಮೂಸಾ(ಅ)ರ ಎಂಟು ಮತ್ತು ಹತ್ತು ವರ್ಷದ ವ್ಯತ್ಯಾಸವನ್ನು ಇಲ್ಲಿ ನೆನೆಯಿರಿ. ಎರಡು ಸಲ ತಿದ್ದುವುದು ಕರಾರು. ಮೂರನೆಯದನ್ನು ಪ್ರೀತಿಯಿಂದ ಮಾಡಿಕೊಟ್ಟರೆ ಅದು ನಿಮ್ಮ ಇಹ್ಸಾನ್.

ನಿಮ್ಮ ಗಂಟೆಯ ಬೆಲೆ ನಿಮಗೆ ತಿಳಿದಿರಲಿ

ಮಂಡಿ ಮೊಹಲ್ಲಾದ ಇನ್‌ಲೇ ಕುಶಲಕರ್ಮಿಗಳನ್ನು ಗಮನಿಸಿ. ಬೀಟೆ ಮರದ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು ಕೂರಿಸುವ ಕೆಲಸ ಅದು. ಅರಮನೆಯ ಬಾಗಿಲುಗಳಲ್ಲಿ ದಂತ ಕೂರಿಸಿದ ಈ ಕಲೆಗೆ ಇಂದು ಜಿ.ಐ. ಮಾನ್ಯತೆಯೂ ಇದೆ. ಅನುಭವಿ ಉಸ್ತಾದರಿಗೆ ಒಂದು ಚಿತ್ರದ ನಕ್ಷೆ ತೋರಿಸಿದರೆ ಮರ ಎಷ್ಟು ಬೇಕು, ಕೊಯ್ಯಲು ಎಷ್ಟು ದಿನ, ಕೂರಿಸಲು ಎಷ್ಟು ದಿನ, ಪಾಲಿಶ್‌ಗೆ ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಬರುತ್ತದೆ. ಲೆಕ್ಕ ಬಂದ ಮೇಲೆ ಬೆಲೆ ಹೇಳುತ್ತಾರೆ. ಗ್ರಾಹಕರ ಮುಖ ನೋಡಿ ಬೆಲೆ ಹೇಳುವುದಿಲ್ಲ.

ಕಂಪ್ಯೂಟರ್ ಮುಂದೆ ಕೆಲಸ ಮಾಡುವವರಿಗೆ ಮರವೂ ಇಲ್ಲ, ಪಾಲಿಶ್ಶೂ ಇಲ್ಲ. ಹಾಗಾಗಿ ಖರ್ಚೇ ಇಲ್ಲವೆಂದು ಗ್ರಾಹಕರಿಗೂ ಅನ್ನಿಸುತ್ತದೆ, ಕೆಲಸ ಮಾಡುವವರಿಗೂ ಅನ್ನಿಸುತ್ತದೆ. ಒಂದು ಉದಾಹರಣೆಯ ಲೆಕ್ಕ ಮಾಡೋಣ. ಒಬ್ಬರಿಗೆ ಮನೆಗೆ ತಿಂಗಳಿಗೆ 20,000 ಬೇಕು. ಲ್ಯಾಪ್‌ಟಾಪ್ 60,000ದ್ದು, ನಾಲ್ಕು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 1,250. ಇಂಟರ್ನೆಟ್, ಕರೆಂಟು 1,250. ಸಾಫ್ಟ್‌ವೇರ್ 1,500. ಒಟ್ಟು 24,000. ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ ಕುಳಿತರೆ 200 ಗಂಟೆ. ಆದರೆ ಗ್ರಾಹಕರನ್ನು ಹುಡುಕಲು, ಫೋನಿನಲ್ಲಿ ಮಾತಾಡಲು, ಹಣ ಕೇಳಲು, ಹೊಸದು ಕಲಿಯಲು ಹೋಗುವ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ. ಹಣ ತರುವ ಗಂಟೆ 120 ಎಂದಿಟ್ಟುಕೊಳ್ಳಿ. 24,000ವನ್ನು 120ರಿಂದ ಭಾಗಿಸಿದರೆ ಗಂಟೆಗೆ 200 ರೂಪಾಯಿ. ಕಾಯಿಲೆ ಕಸಾಲೆ, ಕೆಲಸವಿಲ್ಲದ ತಿಂಗಳು, ಮಕ್ಕಳ ಫೀಸು ಇವುಗಳಿಗೆ ಕಾಲು ಭಾಗ ಸೇರಿಸಿದರೆ 250.

ಒಂದು ಲೋಗೋಗೆ 14 ಗಂಟೆ ಹಿಡಿಯುತ್ತದೆ ಎಂದಾದರೆ 3,500 ರೂಪಾಯಿ. ಅದನ್ನು 500ಕ್ಕೆ ಒಪ್ಪಿಕೊಂಡರೆ ಗಂಟೆಗೆ ಸುಮಾರು 36 ರೂಪಾಯಿ. ನಿಮ್ಮ ಖರ್ಚು, ನಿಮ್ಮ ಕೈಚಳಕ ಬೇರೆ ಇರಬಹುದು, ಸಂಖ್ಯೆಗಳೂ ಬೇರೆಯಾಗುತ್ತವೆ. ಆದರೆ ಲೆಕ್ಕ ಮಾಡಿಟ್ಟುಕೊಂಡವರಿಗೆ ಗ್ರಾಹಕರ ಮುಂದೆ ನಾಲಿಗೆ ತೊದಲುವುದಿಲ್ಲ. ಇದು ದುರಾಸೆಯಲ್ಲ. ಹೆಂಡತಿ ಮಕ್ಕಳ ನಫಖಾ ನಮ್ಮ ಮೇಲೆ ವಾಜಿಬ್. ಆ ವಾಜಿಬನ್ನು ಪೂರೈಸುವ ಕೂಲಿ ಕೇಳಲು ನಾಚಿಕೆಯೇಕೆ?

ಇದರ ಜೊತೆಗೆ ಮನಸ್ಸಿನಲ್ಲಿ ಎರಡು ಸಂಖ್ಯೆ ಇರಲಿ. ಒಂದು, ನ್ಯಾಯವೆಂದು ಹೇಳುವ ದರ. ಇನ್ನೊಂದು, ಇದಕ್ಕಿಂತ ಕೆಳಗೆ ಇಳಿದರೆ ನಷ್ಟ ಎಂಬ ಗೆರೆ. ಗ್ರಾಹಕರ ಬಳಿ ಅಷ್ಟು ಹಣವಿಲ್ಲದಿದ್ದರೆ ದರ ಕತ್ತರಿಸುವ ಮುನ್ನ ಕೆಲಸ ಕತ್ತರಿಸಿ. "3,500 ಆಗುವುದಿಲ್ಲವೆಂದರೆ 2,000ಕ್ಕೆ ಒಂದೇ ಮಾದರಿ ಮಾಡಿಕೊಡುತ್ತೇನೆ, ಒಂದು ಸಲ ತಿದ್ದುತ್ತೇನೆ" ಎನ್ನಿ. ಆಗ ಅವರಿಗೂ ದಾರಿ ಸಿಗುತ್ತದೆ, ನಿಮ್ಮ ಗಂಟೆಯ ಬೆಲೆಯೂ ಉಳಿಯುತ್ತದೆ.

ಸುಳ್ಳು ಬೆರೆಸಬೇಡಿ

ಚೌಕಾಸಿಗೆ ಅನುಮತಿಯಿದೆ, ಸುಳ್ಳಿಗಿಲ್ಲ. "ಬೆಂಗಳೂರಿನವರು ನನಗೆ ಇದಕ್ಕೆ ಹತ್ತು ಸಾವಿರ ಕೊಡ್ತಾರೆ" ಎಂದು ಇಲ್ಲದ ಗ್ರಾಹಕನನ್ನು ಸೃಷ್ಟಿಸುವುದು, ಬೇರೆಯವರ ಕೆಲಸವನ್ನು ತನ್ನದೆಂದು ತೋರಿಸುವುದು, ಗೊತ್ತಿಲ್ಲದ ಕೆಲಸವನ್ನು ಗೊತ್ತೆಂದು ಒಪ್ಪಿಕೊಳ್ಳುವುದು ಧೋಖಾ. ಹಾಗೆಯೇ "ನಿನಗಿಂತ ಅರ್ಧಕ್ಕೆ ಮಾಡಿಕೊಡುವವನಿದ್ದಾನೆ" ಎಂದು ಗ್ರಾಹಕರು ಸುಳ್ಳು ಹೇಳುವುದೂ ಧೋಖಾ. ಕೊಡುವವರೂ ಕೊಳ್ಳುವವರೂ ಸತ್ಯ ಹೇಳಿ ದೋಷಗಳನ್ನು ತೆರೆದಿಟ್ಟರೆ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಸಿಹೋಗುತ್ತದೆ ಎಂಬ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಒಬ್ಬರಿಗೆ ಒಂದು ದರ, ಮತ್ತೊಬ್ಬರಿಗೆ ಇನ್ನೊಂದು ದರ ಹೇಳಬಹುದೇ ಎಂದು ಕೇಳುತ್ತಾರೆ. ದರದಲ್ಲಿ ಇಷ್ಟೇ ಶೇಕಡಾ ಲಾಭವೆಂದು ಶರೀಅತ್ ಗೆರೆ ಎಳೆದಿಲ್ಲ. ದೊಡ್ಡ ಕಂಪನಿಯ ಕೆಲಸಕ್ಕೆ ಹೆಚ್ಚು, ಗಲ್ಲಿಯ ಚಹಾ ಅಂಗಡಿಗೆ ಕಡಿಮೆ ಹೇಳಿದರೆ ತಪ್ಪಿಲ್ಲ. ಆದರೆ ಏನೂ ತಿಳಿಯದವರೆಂದು ನೋಡಿ ಕತ್ತು ಕೊಯ್ಯುವುದು ಬೇರೆ. ಅವರಿಗೆ ಊರಿನ ದರ ತಿಳಿದಿದ್ದರೆ ಒಪ್ಪುತ್ತಿದ್ದರೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನೊಂದು ರೋಗ ನಮ್ಮೊಳಗೇ ಇದೆ. ಒಬ್ಬ ತಮ್ಮ ಎಲ್ಲ ಮಾತಾಡಿ ದರ ಗೊತ್ತುಮಾಡಿಕೊಂಡಿದ್ದಾನೆ ಎಂದು ತಿಳಿದ ಮೇಲೆ, ಅದೇ ಗ್ರಾಹಕರಿಗೆ ಫೋನ್ ಮಾಡಿ "ಅದರಲ್ಲಿ ಅರ್ಧಕ್ಕೆ ನಾನು ಮಾಡ್ತೀನಿ" ಎನ್ನುವುದು. ಸಹೋದರನ ವ್ಯಾಪಾರದ ಮೇಲೆ ವ್ಯಾಪಾರ ಮಾಡಬೇಡಿ ಎಂದು ಪ್ರವಾದಿ(ಸ)ಯವರು ತಡೆದಿದ್ದಾರೆ. ಮಾತು ಇನ್ನೂ ಗೊತ್ತಾಗಿಲ್ಲ, ಗ್ರಾಹಕರು ನಾಲ್ಕು ಜನರನ್ನು ವಿಚಾರಿಸುತ್ತಿದ್ದಾರೆ ಎಂದರೆ ನೀವೂ ನಿಮ್ಮ ದರ ಹೇಳಬಹುದು. ಗೊತ್ತಾದ ಮೇಲೆ ನಡುವೆ ನುಗ್ಗಬಾರದು. ಅರ್ಧಕ್ಕೆ ಇಳಿಸಿದವನಿಗೆ ನಾಳೆ ಕಾಲಿಗೆ ಇಳಿಸುವವನು ಸಿಗುತ್ತಾನೆ. ಕೊನೆಗೆ ಊರಿನ ಎಲ್ಲರ ಉಜ್ರತೆ ಮಿಸ್ಲ್ ಬಿದ್ದುಹೋಗುತ್ತದೆ.

ಬರೆದಿಡುವುದು ಅಪನಂಬಿಕೆಯಲ್ಲ

ಕುರ್‌ಆನಿನ ಅತಿ ದೀರ್ಘ ಆಯತ್ ಅಲ್ ಬಕರಾದ 282ನೆಯದು. ಅದು ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದೆಂಬ ತಾಕೀತು ಅದರಲ್ಲಿದೆ. ಕೆಲಸ ಮುಗಿದು ಹಣ ಬಾಕಿಯಿದ್ದರೆ ಅದೂ ಸಾಲವೇ. "ನಮ್ಮವರೇ ಅಲ್ಲವೇ, ಬರೆಯುವುದೇನು?" ಎಂಬ ಮಾತು ಈ ಆಯತ್‌ನ ಮುಂದೆ ನಿಲ್ಲುವುದಿಲ್ಲ. ನಮ್ಮವರ ನಡುವಿನ ಪ್ರೀತಿ ಉಳಿಯಲೆಂದೇ ಬರೆಯುವುದು.

ಇದಕ್ಕೆ ಸ್ಟಾಂಪ್ ಪೇಪರೇ ಬೇಕೆಂದಿಲ್ಲ. ಮಾತು ಮುಗಿದ ದಿನವೇ ವಾಟ್ಸಾಪ್‌ನಲ್ಲಿ ಈ ರೀತಿ ಕಳಿಸಿ:

"ಅಸ್ಸಲಾಮು ಅಲೈಕುಮ್. ಇಂದು ಮಾತಾಡಿದಂತೆ: ನಿಮ್ಮ ಅಂಗಡಿಗೆ ಲೋಗೋ ಒಂದು, ಬೋರ್ಡಿನ ಡಿಸೈನ್ ಒಂದು. ಒಟ್ಟು 5,000 ರೂಪಾಯಿ. ಶುರುಮಾಡುವಾಗ 2,000, ಮಾದರಿ ಒಪ್ಪಿದಾಗ 1,500, ಕೊನೆಯ ಫೈಲ್ ಕೊಡುವಾಗ 1,500. ಎರಡು ಸಲ ತಿದ್ದುಪಡಿ ಇದರಲ್ಲೇ ಸೇರಿದೆ, ಆಮೇಲಿನ ಪ್ರತಿ ಸಲಕ್ಕೆ 400. ಮುಂಗಡ ಬಂದ ದಿನದಿಂದ ಹತ್ತು ದಿನದಲ್ಲಿ ಕೆಲಸ ಮುಗಿಯುತ್ತದೆ. ಒಪ್ಪಿಗೆಯಿದ್ದರೆ ಒಂದು ಉತ್ತರ ಬರೆಯಿರಿ."

ಹಿಂದೂ ಗ್ರಾಹಕರಾದರೆ ನಮಸ್ಕಾರವೆಂದು ಶುರುಮಾಡಿ. ಕರಾರಿನ ಪ್ರಾಮಾಣಿಕತೆ ಎಲ್ಲರಿಗೂ ಒಂದೇ. ದುಬೈ, ಸೌದಿಯ ನೆಂಟರ ಮೂಲಕ ಬಂದ ಕೆಲಸವಾದರೆ ಹಣ ದಿರ್ಹಮ್ಮಿನಲ್ಲೋ ರಿಯಾಲಿನಲ್ಲೋ ರೂಪಾಯಿಯಲ್ಲೋ, ಕಳಿಸುವ ಖರ್ಚು ಯಾರದು ಎಂಬುದನ್ನೂ ಬರೆಯಿರಿ. ಯಾವ ನಾಣ್ಯವೆಂದು ಹೇಳದ ಕೂಲಿ ಅರ್ಧ ಹೇಳಿದ ಕೂಲಿ.

ಹಣವನ್ನು ಹೀಗೆ ಹಂತಹಂತವಾಗಿ ಇಟ್ಟುಕೊಳ್ಳುವುದರಲ್ಲಿ ದೊಡ್ಡ ಅನುಕೂಲವಿದೆ. ಗ್ರಾಹಕರು ನಡುವೆ ಕೆಲಸ ನಿಲ್ಲಿಸಿದರೆ ಮುಂಗಡ ಪೂರ್ತಿ ಇಟ್ಟುಕೊಳ್ಳಬಹುದೇ ಎಂಬ ಜಗಳ ಬರುತ್ತದೆ. ಏನೂ ಮಾಡದೆ ಬಯಾನ ಹಣ ಮುಟ್ಟುಗೋಲು ಹಾಕಿಕೊಳ್ಳುವುದನ್ನು ನಮ್ಮ ಹನಫಿ ಇಮಾಮರೂ ಇತರ ಹೆಚ್ಚಿನ ಇಮಾಮರೂ ಒಪ್ಪುವುದಿಲ್ಲ. ಇಮಾಮ್ ಅಹ್ಮದ್(ರಹ್)ರವರು ಮಾತ್ರ ಅನುಮತಿ ಕೊಟ್ಟಿದ್ದಾರೆ. ಆದರೆ ಪ್ರತಿ ಹಂತಕ್ಕೆ ಕೂಲಿ ಗೊತ್ತಾಗಿದ್ದರೆ ಮುಗಿದ ಹಂತದ ಕೂಲಿ ನಿಮ್ಮದು, ಮುಗಿಯದ ಹಂತದ್ದು ಅವರದು. ಜಗಳಕ್ಕೆ ಜಾಗವಿಲ್ಲ.

ಹಣ ಬಾರದಿದ್ದರೆ

ಎಂಟು ನೂರು ವರ್ಷಗಳ ಹಿಂದಿನ ಹನಫಿ ಗ್ರಂಥ ಹಿದಾಯಾದಲ್ಲಿ ಒಂದು ನಿಯಮವಿದೆ. ಬಣ್ಣ ಹಾಕುವವನಂತೆ ಯಾರ ಕೆಲಸದ ಗುರುತು ವಸ್ತುವಿನಲ್ಲಿ ಉಳಿಯುತ್ತದೋ ಅವನು ಕೂಲಿ ಸಿಗುವವರೆಗೆ ಆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಮೂಟೆ ಹೊರುವವನಿಗೆ ಆ ಹಕ್ಕಿಲ್ಲ, ಏಕೆಂದರೆ ಅವನ ಕೆಲಸದ ಗುರುತು ಮೂಟೆಯಲ್ಲಿ ಉಳಿಯುವುದಿಲ್ಲ. ಇಂದಿನ ಡಿಸೈನ್, ಎಡಿಟಿಂಗ್ ಕೆಲಸಕ್ಕೂ ಇದನ್ನು ಅನ್ವಯಿಸಬಹುದೆಂಬುದು ನಮ್ಮ ತಿಳಿವಳಿಕೆ. ಮಾದರಿಯನ್ನು ಗುರುತು ಹಾಕಿ ತೋರಿಸಿ, ಬಾಕಿ ಬಂದ ಮೇಲೆ ಪೂರ್ತಿ ಫೈಲ್ ಕೊಡಿ. ಆದರೆ ಗ್ರಾಹಕರ ಮೂಲ ದಾಖಲೆಗಳನ್ನು, ಮದುವೆಯ ಫೋಟೊಗಳನ್ನು ಅಳಿಸಿಹಾಕುತ್ತೇನೆಂದು ಬೆದರಿಸುವುದು ಅಮಾನತ್‌ಗೆ ದ್ರೋಹ. ಹಕ್ಕನ್ನು ಕೇಳುವುದರಲ್ಲೂ ಹದ್ದು ಇದೆ.

ನಮ್ಮ ದೇಶದ ಕಾನೂನು ಕೂಡ ಸಣ್ಣ ಕೆಲಸದವರ ಕಡೆಗಿದೆ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಕರಾರಿನಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಒಬ್ಬರೇ ಮನೆಯಲ್ಲಿ ಕುಳಿತು ಸೇವೆ ಕೊಡುವವರೂ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. 2020ರ ಜುಲೈನಿಂದ ನಡೆಯುತ್ತಿರುವ ಈ ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಣ ಕೇಳುವ ದಲ್ಲಾಳಿಗಳಿಂದ ದೂರವಿರಿ. ಕೆಲಸ ಶುರುಮಾಡುವ ಮೊದಲೇ ನೋಂದಣಿ ಆಗಿರುವುದು ಒಳ್ಳೆಯದು. ಬಾಕಿ ಬಾರದಿದ್ದರೆ ದೂರು ಕೊಡಬಹುದು; ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವಿನ ಹಕ್ಕಿದೆ.

ಒಂದು ಎಚ್ಚರಿಕೆ. ತಡವಾದ ಹಣಕ್ಕೆ ಈ ಕಾಯ್ದೆ ಚಕ್ರಬಡ್ಡಿಯನ್ನೂ ಕೊಡಿಸುತ್ತದೆ. ಅಸಲು ನಿಮ್ಮ ಹಕ್ಕು, ಒಂದು ರೂಪಾಯಿಯನ್ನೂ ಬಿಡಬೇಕಿಲ್ಲ. ಬಡ್ಡಿ ನಮಗೆ ಹಲಾಲಲ್ಲ. ಅದು ಕೈಗೆ ಬಂದುಬಿಟ್ಟರೆ ಸವಾಬಿನ ನಿಯ್ಯತ್ ಇಲ್ಲದೆ ಬಡವರಿಗೆ ಕೊಟ್ಟುಬಿಡಿ. ಹಾಗೆಯೇ ಕರಾರಿನಲ್ಲಿ "ತಡವಾದರೆ ದಿನಕ್ಕೆ ಇಷ್ಟು ಹೆಚ್ಚು" ಎಂದು ಬರೆಯಬೇಡಿ. ಸಾಲದ ಮೇಲೆ ದಿನ ಲೆಕ್ಕದಲ್ಲಿ ಬೆಳೆಯುವ ಹಣ ರಿಬಾದ ಬಾಗಿಲು. ಮೊದಲೇ ಹಂತಹಂತವಾಗಿ ಹಣ ಪಡೆಯುವುದೇ ಅದಕ್ಕೆ ಹಲಾಲಾದ ಬದಲಿ.

ಕೆಲಸ ಕೊಡುವವರಿಗೆ ಎರಡು ಮಾತು

ಇಷ್ಟು ಹೊತ್ತು ಕೆಲಸ ಮಾಡುವವರಿಗೆ ಹೇಳಿದೆವು. ಆದರೆ ಈ ಪತ್ರಿಕೆ ಓದುವ ಮನೆಗಳಲ್ಲಿ ಕೆಲಸ ಕೊಡುವವರೂ ಇದ್ದಾರೆ. ಅಶೋಕ ರಸ್ತೆಯಲ್ಲಿ ಅಂಗಡಿ ಇಟ್ಟವರಿದ್ದಾರೆ, ಶಾಲೆ ನಡೆಸುವವರಿದ್ದಾರೆ, ಮದುವೆ ಮಾಡುವವರಿದ್ದಾರೆ. ಮಸೀದಿ ಮದರಸಾಗಳ ಕಮಿಟಿಯವರೂ ಇದ್ದಾರೆ.

ಮದುವೆ ಹಾಲ್‌ಗೆ, ಬಿರಿಯಾನಿ ದೇಗ್‌ಗೆ ಕೇಳಿದಷ್ಟು ಕೊಟ್ಟು, ಕೊನೆಯಲ್ಲಿ ವಿಡಿಯೊ ಹುಡುಗನ ಹತ್ತಿರ ಐದು ನೂರಕ್ಕೆ ಎಳೆದಾಡುವುದು ನಮ್ಮಲ್ಲಿ ಕಾಣುತ್ತದೆ. ಜಲ್ಸಾದ ಪೋಸ್ಟರ್, ಮದರಸಾದ ರಸೀದಿ ಪುಸ್ತಕ, ಚಂದಾದ ವಿಡಿಯೊ ಇವುಗಳನ್ನು "ದೀನಿನ ಕೆಲಸ, ಸವಾಬು ಸಿಗುತ್ತದೆ" ಎಂದು ಬಿಟ್ಟಿ ಮಾಡಿಸುವುದೂ ಇದೆ. ದೀನಿನ ಕೆಲಸಕ್ಕೆ ಶ್ರಮದಾನ ಮಾಡುವವರಿಗೆ ಖಂಡಿತ ಸವಾಬಿದೆ. ಆದರೆ ದಾನವೆಂಬುದು ಕೊಡುವವನ ಖುಷಿಯಿಂದ ಬರಬೇಕು. ಮನಸ್ಸಿನ ಒಪ್ಪಿಗೆಯಿಲ್ಲದೆ ಒಬ್ಬರ ಸೊತ್ತು ಇನ್ನೊಬ್ಬರಿಗೆ ಹಲಾಲಲ್ಲವೆಂಬ ಹದೀಸ್ ನಮಗೆ ಗೊತ್ತಿದೆ. ದುಡಿಮೆಯೇ ಬಂಡವಾಳವಾದವನ ಸೊತ್ತು ಅವನ ಸಮಯ. ಕಮಿಟಿಯ ಹಿರಿಯರು ಐದು ಜನರ ಮುಂದೆ ಕೇಳಿದರೆ ಇಪ್ಪತ್ತೆರಡು ವರ್ಷದ ಹುಡುಗ ಇಲ್ಲವೆನ್ನಲು ಸಾಧ್ಯವೇ? ಆದ್ದರಿಂದ ಮೊದಲು "ನಿನ್ನ ದರ ಎಷ್ಟು?" ಎಂದು ಕೇಳಿ, ಹಣ ಎತ್ತಿಟ್ಟು ಮಾತಾಡಿ. ಆಮೇಲೆ ಅವನೇ ಬೇಡವೆಂದರೆ, ಅಥವಾ ಅರ್ಧ ಸಾಕೆಂದರೆ ಅದು ಸದಕಾ. ಮದ್‌ಯನ್‌ನಲ್ಲಿ ಕೂಲಿ ಕೇಳದೆ ಕುಳಿತಿದ್ದ ಮೂಸಾ(ಅ)ರನ್ನು ಹುಡುಕಿಕೊಂಡು ಬಂದ ಹೆಣ್ಣುಮಗಳು ಹೇಳಿದ್ದು, ನೀವು ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎಂದು.

ಮನೆಯ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆಯೂ ಒಂದು ಮಾತು. ಗಂಡಸರು ದುಡಿದದ್ದರಲ್ಲಿ ಗಂಡಸರಿಗೆ ಪಾಲು, ಹೆಂಗಸರು ದುಡಿದದ್ದರಲ್ಲಿ ಹೆಂಗಸರಿಗೆ ಪಾಲು ಎಂಬುದು ಅನ್ನಿಸಾ ಅಧ್ಯಾಯದ ಆಶಯ. ಮೆಹಂದಿಯ, ಹೊಲಿಗೆಯ, ಲೆಕ್ಕ ಬರೆದದ್ದರ ಹಣ ಆಕೆಯದು. ನೆಂಟರೆಂದು ಆಕೆಯ ದರವನ್ನು ಗಂಡನೋ ಅತ್ತೆಯೋ ತಾವೇ ಇಳಿಸಿ ಒಪ್ಪಿಕೊಂಡುಬಿಡುವುದು ಸರಿಯಲ್ಲ. ಒಂದೇ ಗಲ್ಲಿಯ ಹೆಣ್ಣುಮಕ್ಕಳು ಒಂದೇ ಗುತ್ತಿಗೆದಾರರಿಗೆ ಕೆಲಸ ಮಾಡುತ್ತಿದ್ದರೆ ಒಟ್ಟಿಗೆ ಹೋಗಿ ದರ ಮಾತಾಡಲಿ. ಒಬ್ಬಳೇ ಹೋದಾಗ ಕೇಳಿಸದ ಮಾತು ಹತ್ತು ಮಂದಿ ಹೋದಾಗ ಕೇಳಿಸುತ್ತದೆ.

ಕಿಯಾಮತ್‌ನ ದಿನ ಮೂರು ಬಗೆಯ ಜನರ ವಿರುದ್ಧ ತಾನೇ ವಾದಿಯಾಗಿ ನಿಲ್ಲುವುದಾಗಿ ಅಲ್ಲಾಹನು ಹೇಳಿರುವ ಹದೀಸೆ ಕುದ್ಸಿ ಬುಖಾರಿಯಲ್ಲಿದೆ. ಅವರಲ್ಲಿ ಒಬ್ಬ, ಆಳಿನಿಂದ ಪೂರ್ತಿ ಕೆಲಸ ತೆಗೆದುಕೊಂಡು ಕೂಲಿ ಕೊಡದವನು. ಇಲ್ಲಿನ ಕೋರ್ಟಿನಲ್ಲಿ ವಕೀಲರಿಗೆ ಕೊಡಲು ಹಣವಿಲ್ಲದ ಹುಡುಗನ ಪರವಾಗಿ ಅಲ್ಲಿ ಯಾರು ನಿಲ್ಲುತ್ತಾರೆಂದು ಯೋಚಿಸಿ ನೋಡಿ. ನಿಮ್ಮ ಫೋನಿನಲ್ಲಿ "ಮುಂದಿನ ವಾರ ಕೊಡ್ತೀನಿ" ಎಂದು ಬರೆದು ಮರೆತ ಬಾಕಿ ಯಾವುದಾದರೂ ಇದ್ದರೆ, ಇನ್ನೊಂದು ಜುಮಾ ಬರುವ ಮುನ್ನ ತೀರಿಸಿಬಿಡಿ.

ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡಲಿ. ಕೇಳುವವರ ನಾಲಿಗೆಗೆ ಸತ್ಯವನ್ನೂ ಕೊಡುವವರ ಕೈಗೆ ನ್ಯಾಯವನ್ನೂ ದಯಪಾಲಿಸಲಿ. ಆಮೀನ್.